ಎದೆಯೊಳಗಿನ ಸಾಧನ ‘ಕೆಟ್ಟಿದೆ’ ಎಂದಾಗ: ಪೇಸ್‌ಮೇಕರ್ ಮತ್ತು ಐಸಿಡಿ ದೋಷ ಪತ್ತೆ

ನಿಧಾನವಾದ ಹೃದಯವನ್ನು ಸಣ್ಣ ವಿದ್ಯುತ್ ಏಟಿನಿಂದ ಮಿಡಿಸುವ ಪೇಸ್‌ಮೇಕರ್ ಅಥವಾ ಅಪಾಯದ ಅತಿವೇಗದ ಮಿಡಿತವನ್ನು ಷಾಕ್ ಕೊಟ್ಟು ನಿಲ್ಲಿಸುವ ಐಸಿಡಿ ಹಾಕಿಸಿಕೊಂಡವರು ತಪಾಸಣೆಗೆ ಬಂದು ಹೇಳುವ ದೂರು ಬಹುಮಟ್ಟಿಗೆ ಒಂದೇ: ‘ಮಷೀನು ಸರಿಯಾಗಿ ಕೆಲಸ ಮಾಡುತ್ತಿಲ್ಲ.’ ಅವರ ಲೆಕ್ಕದಲ್ಲಿ ಮಷೀನು ಎಂದರೆ ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ ಕೈಗೆ ಸಿಗುವ ಲೋಹದ ಡಬ್ಬಿ. ಆದರೆ ಆ ಡಬ್ಬಿ ಕೆಡುವುದು ಅಪರೂಪ. ತೊಂದರೆ ಇರುವುದು ಡಬ್ಬಿಯಿಂದ ಹೃದಯಕ್ಕೆ ಹೋಗುವ ತಂತಿಯಲ್ಲಿ, ತಂತಿಯ ತುದಿ ಹೃದಯದ ಗೋಡೆಗೆ ತಾಗುವ ಜಾಗದಲ್ಲಿ, ಡಬ್ಬಿಯೊಳಗೆ ಬರೆದಿಟ್ಟ ಸೆಟ್ಟಿಂಗ್‌ನಲ್ಲಿ. ಕೆಲವೊಮ್ಮೆ ರಕ್ತದ ಪೊಟ್ಯಾಸಿಯಂನಲ್ಲಿ, ಕೆಲವೊಮ್ಮೆ ಬಚ್ಚಲುಮನೆಯ ಗೀಸರಿನಲ್ಲಿ. ಎಷ್ಟೋ ಸಲ ತೊಂದರೆ ಎಲ್ಲಿಯೂ ಇರುವುದಿಲ್ಲ. ಸಾಧನ ತನ್ನ ಕೆಲಸವನ್ನೇ ಮಾಡಿರುತ್ತದೆ, ನಮಗೆ ಅದು ವಿಚಿತ್ರವಾಗಿ ಕಂಡಿರುತ್ತದೆ.

ಈ ಬರಹ ಇಬ್ಬರಿಗಾಗಿ. ಸಾಧನ ಹೊತ್ತವರ ಮನೆಯವರಿಗೆ, ಮತ್ತು ಸಾಧನದ ದಾಖಲೆ ಓದಿ ಸೆಟ್ಟಿಂಗ್ ಬದಲಿಸುವ ಪ್ರೋಗ್ರಾಮರ್ ಯಂತ್ರ ಇಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥ ರೋಗಿಯನ್ನು ಮೊದಲು ನೋಡುವ ವೈದ್ಯರಿಗೆ. ಇಬ್ಬರೂ ಹಿಡಿದುಕೊಳ್ಳಬೇಕಾದ ಎಳೆ ಒಂದೇ. ಸಾಧನಕ್ಕೆ ಹೃದಯ ಕಾಣುವುದಿಲ್ಲ. ತಂತಿಯ ತುದಿಯಿಂದ ಬರುವ ಕೆಲವು ಮಿಲಿವೋಲ್ಟ್ ವಿದ್ಯುತ್ ಸಂಕೇತ ಮಾತ್ರ ಕಾಣುತ್ತದೆ. ತನಗೆ ಕಂಡದ್ದರ ಮೇಲೆ ಅದು ತೀರ್ಮಾನ ಮಾಡುತ್ತದೆ. ಹಾಗಾಗಿ ಪ್ರತಿ ದೂರಿಗೂ ಕೇಳಬೇಕಾದ ಪ್ರಶ್ನೆಗಳು ಎರಡು: ಆ ಹೊತ್ತಿನಲ್ಲಿ ಹೃದಯ ನಿಜಕ್ಕೂ ಏನು ಮಾಡುತ್ತಿತ್ತು? ಸಾಧನಕ್ಕೆ ಏನು ಕಂಡಿತು? ಎರಡೂ ಒಂದೇ ಆಗಿದ್ದರೆ ಸಾಧನ ಸರಿಯಿದೆ. ಬೇರೆಬೇರೆಯಾಗಿದ್ದರೆ ಹುಡುಕಬೇಕಾದ ದೋಷ ಆ ಅಂತರದಲ್ಲಿದೆ.

ಮೊದಲು ಜೀವ, ಆಮೇಲೆ ತನಿಖೆ

ವ್ಯಕ್ತಿ ಎಚ್ಚರ ತಪ್ಪಿ ಬಿದ್ದು ಉಸಿರಾಡುತ್ತಿಲ್ಲ ಎಂದರೆ ಸಾಧನದ ಚಿಂತೆ ಬಿಡಿ. 108ಕ್ಕೆ ಕರೆ ಮಾಡಿ, ಎದೆ ಒತ್ತಲು ಶುರುಮಾಡಿ. ‘ಒಳಗೆ ಷಾಕ್ ಮಷೀನು ಇದೆ, ಮುಟ್ಟಬಾರದು’ ಎಂದು ಸುತ್ತ ನಿಂತು ನೋಡುವವರಿದ್ದಾರೆ. ಒತ್ತುತ್ತಿರುವಾಗಲೇ ಐಸಿಡಿ ಷಾಕ್ ಕೊಟ್ಟರೂ ನಿಮ್ಮ ಕೈಗೆ ಜುಮ್ಮೆನ್ನಬಹುದು, ಪ್ರಾಣಾಪಾಯ ಇಲ್ಲ. ಆಸ್ಪತ್ರೆಯಲ್ಲಿ ಹೊರಗಿನಿಂದ ಷಾಕ್ ಕೊಡುವಾಗ ಪ್ಯಾಡನ್ನು ಡಬ್ಬಿ ಇರುವ ಉಬ್ಬಿನ ಮೇಲೆ ಇಡದೆ ಕನಿಷ್ಠ 8 ಸೆಂಟಿಮೀಟರ್ ಆಚೆಗೆ ಇಡಬೇಕು. ಹಾಗೆಂದು ಅಳತೆಪಟ್ಟಿ ಹುಡುಕುತ್ತಾ ತಡಮಾಡಬಾರದು.

ಐಸಿಡಿ ಒಂದೇ ಒಂದು ಷಾಕ್ ಕೊಟ್ಟು ಆಮೇಲೆ ವ್ಯಕ್ತಿ ಆರಾಮವಾಗಿದ್ದರೆ ಓಡುವ ತುರ್ತಿಲ್ಲ. ಅದೇ ದಿನ ಕ್ಲಿನಿಕ್‌ಗೆ ಫೋನ್ ಮಾಡಿ ತಿಳಿಸಿ. ಒಂದೆರಡು ದಿನದೊಳಗೆ ತಪಾಸಣೆ ಆಗಲಿ. 24 ಗಂಟೆಯೊಳಗೆ ಎರಡು ಅಥವಾ ಹೆಚ್ಚು ಷಾಕ್ ಆದರೆ, ಅಥವಾ ಒಂದೇ ಷಾಕ್ ಆದರೂ ಎದೆನೋವು, ಏದುಸಿರು, ತಲೆಸುತ್ತು ಉಳಿದಿದ್ದರೆ, ಆಗ ತುರ್ತು. ರೋಗಿ ತಾವೇ ವಾಹನ ಓಡಿಸಿಕೊಂಡು ಹೋಗಬಾರದು.

ಕ್ಲಿನಿಕ್‌ಗೆ ಹೊರಡುವ ಮುನ್ನ ಕೈಯಲ್ಲಿರಬೇಕಾದವು

ಸಾಧನದ ಗುರುತಿನ ಚೀಟಿ. ಕಂಪನಿ, ಮಾದರಿ ಸಂಖ್ಯೆ, ತಂತಿಯ ಮಾದರಿ, ಹಾಕಿದ ದಿನಾಂಕ ಅದರಲ್ಲಿರುತ್ತವೆ. ಒಂದು ಕಂಪನಿಯ ಪ್ರೋಗ್ರಾಮರ್ ಇನ್ನೊಂದು ಕಂಪನಿಯ ಸಾಧನದ ಜೊತೆ ಮಾತಾಡುವುದಿಲ್ಲ. ಚೀಟಿ ಬೀರುವಿನಲ್ಲಿ ಭದ್ರವಾಗಿದ್ದು ರೋಗಿ ಮಾತ್ರ ಆಸ್ಪತ್ರೆಗೆ ಬಂದರೆ ಅರ್ಧ ದಿನ ಕಂಪನಿ ಯಾವುದೆಂದು ಊಹಿಸುವುದರಲ್ಲೇ ಹೋಗುತ್ತದೆ. ಚೀಟಿಯ ಫೋಟೋ ಮನೆಯ ಇಬ್ಬರ ಮೊಬೈಲ್‌ನಲ್ಲಾದರೂ ಇರಲಿ. ಚೀಟಿ ಕಳೆದೇಹೋಗಿದ್ದರೆ ಎದೆಯ ಎಕ್ಸ್-ರೇ ನೆರವಿಗೆ ಬರುತ್ತದೆ. ಡಬ್ಬಿಯ ಆಕಾರ ಮತ್ತು ಒಳಗಿನ ಗುರುತಿನಿಂದ ತಿಳಿದವರು ಕಂಪನಿಯನ್ನು ಹೇಳಬಲ್ಲರು.

ಎರಡನೆಯದು ಹೊತ್ತು. ‘ಮೊನ್ನೆ ಸಂಜೆ’ ಅಲ್ಲ, ಗಂಟೆ, ನಿಮಿಷ. ಸಾಧನದೊಳಗೆ ಗಡಿಯಾರ ಇದೆ, ಘಟನೆಗಳ ದಾಖಲೆ ಇದೆ. ನೀವು ಹೇಳಿದ ಹೊತ್ತಿಗೆ ಅಲ್ಲಿ ಏನು ಬರೆದಿದೆ ಎಂದು ಹೊಂದಿಸಿ ನೋಡುವುದೇ ಪತ್ತೆಯ ಮೊದಲ ಹೆಜ್ಜೆ. ಜೊತೆಗೆ ಆಗ ಏನು ಮಾಡುತ್ತಿದ್ದಿರಿ, ಎಲ್ಲಿದ್ದಿರಿ, ಯಾವ ಕೈ ಯಾವುದನ್ನು ಮುಟ್ಟಿತ್ತು ಎಂಬುದನ್ನೂ ಬರೆದಿಡಿ. ಅತಿ ಸಣ್ಣದೆನಿಸುವ ಈ ವಿವರ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಮೂರನೆಯದು ಹಳೆಯ ಇಸಿಜಿ. ಸಾಧನ ಹಾಕಿದ ವಾರದ ಇಸಿಜಿಯ ಪಕ್ಕದಲ್ಲಿ ಇವತ್ತಿನದನ್ನು ಇಟ್ಟಾಗ, ಪೇಸ್ ಆದ, ಅಂದರೆ ಸಾಧನದ ಏಟಿನಿಂದ ಎದ್ದ, ಮಿಡಿತದ ಆಕಾರ ಬದಲಾಗಿದ್ದರೆ ತಂತಿಯ ತುದಿ ಜಾಗ ಬಿಟ್ಟಿರುವ ಸಂಶಯ ಬರಬೇಕು.

ಐಸಿಡಿ ಷಾಕ್ ಕೊಟ್ಟಿತು: ಬೇಕಿತ್ತೇ, ಬೇಡವಾಗಿತ್ತೇ?

ಮಿಶೆಲ್ ಮಿರೋವ್‌ಸ್ಕಿ ಮತ್ತು ಸಂಗಡಿಗರು ರೂಪಿಸಿದ ಐಸಿಡಿಯನ್ನು 1980ರ ಫೆಬ್ರವರಿಯಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಬಾರಿ ಮನುಷ್ಯನ ದೇಹದಲ್ಲಿ ಅಳವಡಿಸಿದ ದಿನದಿಂದಲೂ ಈ ಪ್ರಶ್ನೆ ಇದೆ. ಎಚ್ಚರವಿರುವ ಮನುಷ್ಯನಿಗೆ 35–40 ಜೌಲ್ ಷಾಕ್ ಎಂದರೆ ಎದೆಗೆ ಒದೆ ಬಿದ್ದ ಹಾಗೆ. ಬೇಡದ ಷಾಕ್ ಹತ್ತಿಪ್ಪತ್ತು ಬಂದವರು ಆಮೇಲೆ ಮೆಟ್ಟಿಲು ಹತ್ತಲೂ ಹೆದರುತ್ತಾರೆ. ಆ ಹೆದರಿಕೆಯನ್ನು ‘ಮನಸ್ಸಿನ ದೌರ್ಬಲ್ಯ’ ಎಂದು ತಳ್ಳಿಹಾಕುವ ವೈದ್ಯರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಷಾಕ್‌ಗೆ ಮುಂಚೆ ಕಣ್ಣು ಕತ್ತಲೆ ಬಂದಿತ್ತೇ, ಎದೆ ಬಡಿದುಕೊಂಡಿತ್ತೇ ಎಂದು ಕೇಳಿ. ಸಾಧನ ವೇಗದ ಮಿಡಿತವನ್ನು ಗುರುತಿಸಿ, ಕೆಪಾಸಿಟರ್ ತುಂಬಿಸಿಕೊಂಡು ಷಾಕ್ ಕೊಡಲು ಹತ್ತು ಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಹೃದಯದ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳು ನಿಜಕ್ಕೂ ನಡುಗುತ್ತಿದ್ದರೆ ಅಷ್ಟರಲ್ಲಿ ತಲೆ ತಿರುಗಿರುತ್ತದೆ. ಪತ್ರಿಕೆ ಓದುತ್ತಾ ಕುಳಿತಿದ್ದೆ, ಯಾವ ಮುನ್ಸೂಚನೆಯೂ ಇಲ್ಲದೆ ಬಿತ್ತು ಎಂದರೆ ಬೇಡದ ಷಾಕ್ ಎಂಬ ಅನುಮಾನ ಹೆಚ್ಚು. ಆದರೆ ಇದು ಅನುಮಾನ ಮಾತ್ರ. ತೀರ್ಪು ಕೊಡುವುದು ಸಾಧನದೊಳಗೆ ಉಳಿದಿರುವ ಎಲೆಕ್ಟ್ರೋಗ್ರಾಮ್, ಅಂದರೆ ಷಾಕ್‌ಗೆ ಮುಂಚಿನ ಸೆಕೆಂಡುಗಳಲ್ಲಿ ತಂತಿಯ ತುದಿಯಿಂದ ಬಂದ ಸಂಕೇತದ ದಾಖಲೆ. ಅದನ್ನು ಮುದ್ರಿಸಿ ಮೇಜಿನ ಮೇಲೆ ಹರಡಿಕೊಂಡಾಗ ಸಾಮಾನ್ಯವಾಗಿ ಈ ಐದರಲ್ಲಿ ಒಂದು ಚಿತ್ರ ಕಾಣುತ್ತದೆ.

ಮೊದಲನೆಯದು, ನಿಜವಾದ ಹೃತ್ಕುಕ್ಷಿಯ ಅತಿವೇಗ ಅಥವಾ ಕಂಪನ. ಸಾಧನ ಜೀವ ಉಳಿಸಿದೆ. ದೋಷ ಹುಡುಕಬೇಕಾದದ್ದು ಹೃದಯದಲ್ಲಿ: ಹೊಸ ರಕ್ತನಾಳದ ಅಡಚಣೆ ಇದೆಯೇ, ವಾಂತಿ ಭೇದಿಯಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದಿದೆಯೇ, ‘ಈಗ ಚೆನ್ನಾಗಿದ್ದೇನೆ’ ಎಂದು ಮಾತ್ರೆ ನಿಲ್ಲಿಸಿದ್ದಾರೆಯೇ. 24 ಗಂಟೆಯಲ್ಲಿ ಇಂಥ ಮೂರು ಅಥವಾ ಹೆಚ್ಚು ಪ್ರತ್ಯೇಕ ಘಟನೆಗಳಾದರೆ ಅದನ್ನು ವಿದ್ಯುತ್ ಬಿರುಗಾಳಿ ಎನ್ನುತ್ತಾರೆ. ಅಂಥವರಿಗೆ ಐಸಿಯು ಬೇಕು.

ಎರಡನೆಯದು, ಹೃತ್ಕರ್ಣದ ಕಂಪನ ಅಥವಾ ಮೇಲಿನ ಕೋಣೆಯಿಂದ ಬಂದ ಬೇರೆ ಯಾವುದೋ ಅತಿವೇಗ. ಬೇಡದ ಷಾಕ್‌ಗೆ ಅತಿ ಸಾಮಾನ್ಯ ಕಾರಣ ಇದೇ. ಹೃದಯ ನಿಜಕ್ಕೂ ಓಡುತ್ತಿತ್ತು, ಸಾಧನ ಎಣಿಸಿದ್ದೂ ಸರಿಯೇ. ಓಟ ಎಲ್ಲಿಂದ ಬಂತು ಎಂಬುದರಲ್ಲಿ ಎಡವಿತು. ಮಿಡಿತಗಳ ನಡುವಿನ ಅಂತರ ಒಂದೇ ಸಮ ಇದೆಯೇ, ವೇಗ ಥಟ್ಟನೆ ಏರಿತೇ ಮೆಲ್ಲಗೆ ಏರಿತೇ, ಮಿಡಿತದ ಆಕಾರ ರೋಗಿಯ ಸಹಜ ಆಕಾರದಂತಿದೆಯೇ ಎಂದು ಸಾಧನ ನೋಡಬಲ್ಲುದು. ಆದರೆ ಆ ಪರೀಕ್ಷೆಗಳನ್ನು ಸೆಟ್ಟಿಂಗ್‌ನಲ್ಲಿ ಆನ್ ಮಾಡಿರಬೇಕು. ಇಲ್ಲಿ ಔಷಧಿಯೂ ಬೇಕು, ಸೆಟ್ಟಿಂಗ್ ತಿದ್ದುಪಡಿಯೂ ಬೇಕು. 2012ರಲ್ಲಿ ಪ್ರಕಟವಾದ ಮ್ಯಾಡಿಟ್-ರಿಟ್ ಅಧ್ಯಯನ ಈ ವಿಷಯದಲ್ಲಿ ದೊಡ್ಡ ತಿರುವು. ನಿಮಿಷಕ್ಕೆ 200 ದಾಟಿದ ಮೇಲೆ ಮಾತ್ರ ಚಿಕಿತ್ಸೆ ಕೊಡುವಂತೆ, ಅಥವಾ ಕೊಡುವ ಮುನ್ನ ಹೆಚ್ಚು ಹೊತ್ತು ಕಾಯುವಂತೆ ಸೆಟ್ ಮಾಡಿದಾಗ ಬೇಡದ ಚಿಕಿತ್ಸೆ ಬಹಳ ಇಳಿಯಿತು. ಸಾವಿನ ಪ್ರಮಾಣವೂ ಇಳಿಯಿತು. ಅದಕ್ಕೂ ಮುಂಚೆ ಹಾಕಿದ ಸಾಧನಗಳಲ್ಲಿ 170ಕ್ಕೇ ಎಗರಿ ಬೀಳುವ ಹಳೆಯ ಸೆಟ್ಟಿಂಗ್ ಉಳಿದುಕೊಂಡಿರುವುದುಂಟು. ಡಬ್ಬಿ ಬದಲಿಸಿದಾಗಲೂ ಅದೇ ಸಂಖ್ಯೆಯನ್ನು ಹೊಸದಕ್ಕೆ ನಕಲು ಮಾಡಿಬಿಡುತ್ತಾರೆ.

ಮೂರನೆಯದು, ತಂತಿಯ ಬಿರುಕು. ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವೆ ಸಿಕ್ಕಿ, ತೋಳಾಡಿಸಿದಾಗಲೆಲ್ಲ ಮಡಚಿ ಮಡಚಿ ತಂತಿ ಒಳಗೇ ತುಂಡಾಗುತ್ತದೆ. ತುಂಡುಗಳು ಒಂದಕ್ಕೊಂದು ಉಜ್ಜಿದಾಗ ಬರುವ ಗರಗರ ಸಂಕೇತವನ್ನು ಸಾಧನ ಹೃದಯದ ಮಿಡಿತ ಎಂದುಕೊಳ್ಳುತ್ತದೆ. ಎಲೆಕ್ಟ್ರೋಗ್ರಾಮಿನಲ್ಲಿ ಎರಡು ‘ಮಿಡಿತ’ಗಳ ನಡುವೆ 140 ಮಿಲಿಸೆಕೆಂಡಿಗಿಂತ ಕಡಿಮೆ ಅಂತರ ಮತ್ತೆ ಮತ್ತೆ ಕಂಡರೆ ಅದು ಮಿಡಿತ ಅಲ್ಲ, ಅಷ್ಟು ವೇಗವಾಗಿ ಯಾವ ಹೃತ್ಕುಕ್ಷಿಯೂ ಬಡಿಯಲಾರದು. ಈ ಸದ್ದು (ಕಿವಿಗೆ ಕೇಳುವುದಲ್ಲ, ದಾಖಲೆಯಲ್ಲಿ ಕಾಣುವ ಗದ್ದಲ) ಮಿಡಿತ ಎಣಿಸುವ ವಾಹಿನಿಯಲ್ಲಿ, ಅಂದರೆ ದಾಖಲೆಯ ಆ ಸಾಲಿನಲ್ಲಿ, ಮಾತ್ರ ಇದ್ದು, ತಂತಿಯಲ್ಲಿ ಷಾಕ್ ಹೊರಡುವ ಸುರುಳಿಯ ವಾಹಿನಿಯಲ್ಲಿ ಹೃದಯ ನೆಮ್ಮದಿಯಾಗಿ ಮಿಡಿಯುತ್ತಿದ್ದರೆ ಅಪರಾಧಿ ತಂತಿಯೇ.

ಇದನ್ನು ಖಚಿತ ಮಾಡಿಕೊಳ್ಳಲು ರೋಧವನ್ನು, ಅಂದರೆ ಇಂಪೀಡೆನ್ಸನ್ನು ನೋಡಿ. ಪೇಸಿಂಗ್ ತಂತಿಯ ರೋಧ ಸಾಮಾನ್ಯವಾಗಿ ಕೆಲವು ನೂರು ಓಮ್‌ನಿಂದ ಸಾವಿರದ ಆಸುಪಾಸಿನಲ್ಲಿರುತ್ತದೆ. ಥಟ್ಟನೆ 2000 ದಾಟಿದರೆ ತಂತಿ ತುಂಡಾಗಿದೆ, ಇಲ್ಲವೇ ಡಬ್ಬಿಯಲ್ಲಿ ತಂತಿಯನ್ನು ಹಿಡಿದಿಡುವ ಸ್ಕ್ರೂ ಸಡಿಲಾಗಿದೆ. 200ಕ್ಕಿಂತ ಕೆಳಗೆ ಕುಸಿದರೆ ಹೊದಿಕೆ ಹರಿದು ವಿದ್ಯುತ್ ಸೋರುತ್ತಿದೆ. ಒಂದು ದಿನದ ಸಂಖ್ಯೆಗಿಂತ ತಿಂಗಳುಗಳ ಗ್ರಾಫ್ ಹೆಚ್ಚು ಮಾತಾಡುತ್ತದೆ. ರೋಧ ಸರಿಯಿದೆ ಎಂದ ಮಾತ್ರಕ್ಕೆ ತಂತಿಯೂ ಸರಿಯಿದೆ ಎನ್ನಲಾಗದು, ಏಕೆಂದರೆ ಬಿರುಕು ಬಿಟ್ಟ ತಂತಿ ಅಳೆಯುವ ಕ್ಷಣದಲ್ಲಿ ಕೂಡಿಕೊಂಡಿರಬಹುದು. ಆದ್ದರಿಂದ ಷಾಕ್ ಚಿಕಿತ್ಸೆಯನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ಪ್ರೋಗ್ರಾಮರ್ ಪರದೆ ನೋಡುತ್ತಾ ರೋಗಿಗೆ ಆ ಬದಿಯ ತೋಳನ್ನು ಮೇಲೆತ್ತಲು, ಬೆನ್ನ ಹಿಂದೆ ಒಯ್ಯಲು, ಎರಡೂ ಅಂಗೈ ಜೋಡಿಸಿ ಒತ್ತಲು ಹೇಳಿ. ಉಬ್ಬನ್ನೂ ಮೆಲ್ಲಗೆ ಒತ್ತಿ ನೋಡಿ. ಸದ್ದು ಎದ್ದರೆ ಪತ್ತೆ ಮುಗಿಯಿತು. ಡಬ್ಬಿ ಬದಲಿಸಿದ ಹೊಸತರಲ್ಲೇ ಹೀಗಾದರೆ ತಂತಿಗಿಂತ ಮುಂಚೆ ಸ್ಕ್ರೂ ಮೇಲೆ ಸಂಶಯ ಇರಲಿ. ಮುಗಿದ ಮೇಲೆ ಚಿಕಿತ್ಸೆಯನ್ನು ಮತ್ತೆ ಆನ್ ಮಾಡುವುದನ್ನು ಮರೆತ ಪ್ರಸಂಗಗಳಿವೆ, ಆದ್ದರಿಂದ ಆ ಸಾಲನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಳ್ಳಿ. ತಂತಿ ತುಂಡಾಗಿದೆ ಎಂದು ಖಚಿತವಾದರೆ ಮಾತ್ರ ಬೇಡದ ಷಾಕ್ ತಪ್ಪಿಸಲು ಚಿಕಿತ್ಸೆ ಆಫ್ ಇರಲಿ, ಹೊಸ ತಂತಿ ಹಾಕುವವರೆಗೆ ರೋಗಿ ಮಾನಿಟರ್ ಇರುವ ಆಸ್ಪತ್ರೆಯಲ್ಲೇ ಇರಲಿ.

ತಂತಿಯ ದೋಷ ಎಷ್ಟು ವ್ಯಾಪಕವಾಗಬಲ್ಲುದು ಎಂಬುದಕ್ಕೆ ಮೆಡ್‌ಟ್ರಾನಿಕ್ ಕಂಪನಿಯ ಸ್ಪ್ರಿಂಟ್ ಫಿಡೆಲಿಸ್ ತಂತಿ ಸಾಕ್ಷಿ. 2004ರಲ್ಲಿ ಬಂದ ಈ ತೆಳ್ಳನೆಯ ತಂತಿಯನ್ನು ಬಿರುಕಿನ ಕಾರಣಕ್ಕೆ 2007ರ ಅಕ್ಟೋಬರ್‌ನಲ್ಲಿ ಕಂಪನಿ ಹಿಂದೆಗೆದುಕೊಂಡಿತು. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 2,68,000 ಜನರ ಎದೆಯೊಳಗೆ ಅದು ಸೇರಿತ್ತು. ಮಾರುಕಟ್ಟೆಯಿಂದ ಹಿಂಪಡೆಯುವುದು ಸುಲಭ, ಹೃದಯದಿಂದ ಹಿಂಪಡೆಯುವುದು ಅಪಾಯದ ಶಸ್ತ್ರಚಿಕಿತ್ಸೆ. ಸೇಂಟ್ ಜೂಡ್ ಕಂಪನಿಯ ರಿಯಾಟಾ ತಂತಿಯದು ಬೇರೆ ರೋಗ: ಒಳಗಿನ ವಾಹಕ ಹೊದಿಕೆಯನ್ನು ಸೀಳಿಕೊಂಡು ಹೊರಬರುತ್ತಿತ್ತು. 2011ರಲ್ಲಿ ಅದರ ಬಗ್ಗೆಯೂ ಹಿಂಪಡೆಯುವ ಎಚ್ಚರಿಕೆ ಹೊರಟಿತು. ಚೀಟಿಯಲ್ಲಿ ತಂತಿಯ ಮಾದರಿ ಸಂಖ್ಯೆ ಇರಬೇಕು ಎಂದು ಮೇಲೆ ಹೇಳಿದ್ದು ಇದಕ್ಕೇ.

ನಾಲ್ಕನೆಯದು, ಒಂದು ಮಿಡಿತವನ್ನು ಎರಡಾಗಿ ಎಣಿಸುವುದು. ಹೃತ್ಕುಕ್ಷಿ ಸಂಕುಚಿಸುವಾಗ ಒಂದು ಅಲೆ, ಚೇತರಿಸಿಕೊಳ್ಳುವಾಗ ಇನ್ನೊಂದು, ಅಂದರೆ ಟಿ ಅಲೆ. ಮೊದಲ ಅಲೆ ಕುಗ್ಗಿದ್ದರೆ ಅಥವಾ ಎರಡನೆಯದು ಹಿಗ್ಗಿದ್ದರೆ ಎರಡೂ ಲೆಕ್ಕಕ್ಕೆ ಸೇರುತ್ತವೆ. 100ರ ಮಿಡಿತ 200 ಆಗಿ ಕಾಣುತ್ತದೆ. ದಾಖಲೆಯಲ್ಲಿ ದೊಡ್ಡದು, ಚಿಕ್ಕದು, ದೊಡ್ಡದು, ಚಿಕ್ಕದು ಎಂಬ ಸರತಿ ಕಂಡರೆ ಇದೇ. ಪೊಟ್ಯಾಸಿಯಂ ಪರೀಕ್ಷಿಸಿ, ಆಮೇಲೆ ಗ್ರಹಿಕೆಯ, ಅಂದರೆ ಯಾವ ಸಂಕೇತವನ್ನು ಮಿಡಿತವೆಂದು ಎಣಿಸಬೇಕು ಎಂಬುದರ, ಸೆಟ್ಟಿಂಗ್ ತಿದ್ದಿಸಿ.

ಐದನೆಯದು, ಹೊರಗಿನ ವಿದ್ಯುತ್. ಇದು ನಮ್ಮ ಊರುಗಳ ದೋಷ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ‘ಸ್ನಾನ ಮಾಡುವಾಗಲೇ ಬಂತು’, ‘ಬಟ್ಟೆ ಒಗೆಯುವ ಯಂತ್ರ ಮುಟ್ಟಿದಾಗ ಬಂತು’, ‘ಪಂಪ್‌ಸೆಟ್ ಸ್ಟಾರ್ಟರ್ ಹಿಡಿದಾಗ ಬಂತು’ ಎಂಬ ಮಾತು ಕೇಳಿದ ಕೂಡಲೇ ಕಿವಿ ನಿಮಿರಬೇಕು. ಅರ್ಥಿಂಗ್ ಇಲ್ಲದ ಅಥವಾ ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗಿಹೋದ ಮನೆಯಲ್ಲಿ ಗೀಸರಿನಿಂದ ಸೋರುವ ವಿದ್ಯುತ್ ಒದ್ದೆ ಕೈಯಿಂದ ಹೊಕ್ಕು, ಎದೆ ಹಾದು, ಒದ್ದೆ ಪಾದದಿಂದ ನೆಲಕ್ಕಿಳಿಯುತ್ತದೆ. ಬೇರೆಯವರಿಗೆ ಹೆಚ್ಚೆಂದರೆ ನಲ್ಲಿ ಮುಟ್ಟಿದಾಗ ಚುರ್ ಎನ್ನಬಹುದು, ಅದೂ ಆಗದಿರಬಹುದು. ಮಿಲಿವೋಲ್ಟ್ ಹುಡುಕುತ್ತಾ ಕುಳಿತ ಸಾಧನಕ್ಕೆ ಮಾತ್ರ ಸೆಕೆಂಡಿಗೆ 50 ಆವರ್ತದ ಆ ವಿದ್ಯುತ್ತು ಹೃದಯ ನಡುಗುತ್ತಿರುವಂತೆ ಕಾಣುತ್ತದೆ. ಷಾಕ್ ಬಿದ್ದು ರೋಗಿ ಕೈ ಬಿಟ್ಟೊಡನೆ ಎಲ್ಲವೂ ಸರಿಹೋಗುತ್ತದೆ, ಸಾಕ್ಷಿ ಉಳಿಯುವುದಿಲ್ಲ.

ಎಲೆಕ್ಟ್ರೋಗ್ರಾಮಿನಲ್ಲಿ ಸಾಕ್ಷಿ ಇದೆ. ತಂತಿಯ ಬಿರುಕಿನ ಸದ್ದು ಅಡ್ಡಾದಿಡ್ಡಿ, ಬಿಟ್ಟು ಬಿಟ್ಟು, ಒಂದೇ ವಾಹಿನಿಯಲ್ಲಿ. ಹೊರಗಿನ ವಿದ್ಯುತ್ತಿನದು ಗರಗಸದ ಹಲ್ಲಿನಂತೆ ಒಂದೇ ಸಮನೆ, ಸಣ್ಣಗೆ, ಎಲ್ಲ ವಾಹಿನಿಗಳಲ್ಲೂ. ಷಾಕ್ ಸುರುಳಿಯ ವಾಹಿನಿಯಲ್ಲಿ ಇನ್ನೂ ಎದ್ದು ಕಾಣುತ್ತದೆ. ಈ ಚಿತ್ರ ಕಂಡರೆ ಹೃದ್ರೋಗ ತಜ್ಞರ ಕೆಲಸ ಅಲ್ಲಿಗೆ ನಿಲ್ಲುತ್ತದೆ, ಎಲೆಕ್ಟ್ರಿಷಿಯನ್ ಕೆಲಸ ಶುರುವಾಗುತ್ತದೆ. ಗೀಸರ್, ಪಂಪ್, ಫ್ರಿಜ್, ಬಟ್ಟೆ ಒಗೆಯುವ ಯಂತ್ರ ಎಲ್ಲದರ ಅರ್ಥಿಂಗ್ ಅಳೆಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ರಂಧ್ರಕ್ಕೆ ಸಿಕ್ಕಿಸುವ ಅಡಾಪ್ಟರುಗಳನ್ನು ಕಿತ್ತೆಸೆಯಿರಿ. 30 ಮಿಲಿಆಂಪ್ ಸೋರಿಕೆಗೆ ಕತ್ತರಿಸುವ ಆರ್‌ಸಿಸಿಬಿ ಹಾಕಿಸಿ. ಇದು ಮುಗಿಯುವವರೆಗೆ ನೀರನ್ನು ಒಲೆಯ ಮೇಲೆ ಕಾಯಿಸಿಕೊಂಡು ಸ್ನಾನ ಮಾಡಲಿ. ಬಾಡಿಗೆ ಮನೆಯ ಮಾಲೀಕರು ‘ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ’ ಎನ್ನುತ್ತಾರೆ. ಅವರಿಗೆ ಎಲೆಕ್ಟ್ರೋಗ್ರಾಮಿನ ಪ್ರತಿ ತೋರಿಸಿ.

ಇನ್ನೊಂದು ಸಂದರ್ಭ ಇದೆ. ಷಾಕ್ ಬಂತು ಎಂದು ರೋಗಿ ಆಣೆಮಾಡಿ ಹೇಳುತ್ತಾರೆ, ಸಾಧನದಲ್ಲಿ ದಾಖಲೆಯೇ ಇಲ್ಲ. ನಿದ್ದೆ ಹತ್ತುವ ಹೊತ್ತಿನಲ್ಲಿ, ಹಿಂದೆ ಷಾಕ್ ತಿಂದವರಲ್ಲಿ ಇದು ಹೆಚ್ಚು. ಅವರು ಸುಳ್ಳು ಹೇಳುತ್ತಿಲ್ಲ; ಅನುಭವ ನಿಜ, ಷಾಕ್ ಆಗಿಲ್ಲ. ದಾಖಲೆಯನ್ನು ಪರದೆಯ ಮೇಲೆ ಅವರಿಗೇ ತೋರಿಸಿ ವಿವರಿಸಿದರೆ ಎಷ್ಟೋ ಜನ ಅಂದೇ ನೆಮ್ಮದಿಯಿಂದ ಮಲಗುತ್ತಾರೆ.

ಬೇಡದ ಷಾಕ್ ಒಂದರ ಮೇಲೊಂದು ಬೀಳುತ್ತಿದ್ದು ಪ್ರೋಗ್ರಾಮರ್ ಹತ್ತಿರ ಇಲ್ಲದಿದ್ದರೆ ವೈದ್ಯರ ಕೈಯಲ್ಲಿ ಒಂದು ಉಪಾಯ ಇದೆ: ಉಂಗುರಾಕಾರದ ಅಯಸ್ಕಾಂತವನ್ನು ಉಬ್ಬಿನ ಮೇಲಿಟ್ಟು ಪ್ಲಾಸ್ಟರ್ ಹಚ್ಚುವುದು. ಅದು ಇರುವಷ್ಟು ಹೊತ್ತು ಐಸಿಡಿ ಷಾಕ್ ಕೊಡುವುದಿಲ್ಲ. ಪೇಸಿಂಗ್ ಮಾತ್ರ ಮುಂದುವರಿಯುತ್ತದೆ. ಕೆಲವು ಸಾಧನಗಳಲ್ಲಿ ಅಯಸ್ಕಾಂತಕ್ಕೆ ಸ್ಪಂದಿಸದಂತೆ ಸೆಟ್ ಮಾಡಿರುವುದೂ ಉಂಟು. ಅಯಸ್ಕಾಂತ ಇಟ್ಟ ಮೇಲೆ ಮಾನಿಟರ್ ಮತ್ತು ಹೊರಗಿನ ಷಾಕ್ ಯಂತ್ರ ಮಂಚದ ಪಕ್ಕದಲ್ಲೇ ಇರಬೇಕು. ಮನೆಯಲ್ಲಿ ಇದನ್ನು ಮಾಡಬಾರದು.

ಬೇಕಿದ್ದಾಗ ಷಾಕ್ ಬರಲಿಲ್ಲ

ಇಸಿಜಿಯಲ್ಲಿ ಹೃತ್ಕುಕ್ಷಿಯ ಅತಿವೇಗ ಸ್ಪಷ್ಟವಾಗಿದೆ, ರೋಗಿ ಬೆವರುತ್ತಿದ್ದಾರೆ, ಐಸಿಡಿ ಸುಮ್ಮನಿದೆ. ಸತ್ತುಹೋಗಿದೆಯೇ? ಬಹುಶಃ ಇಲ್ಲ. ಅಮಿಯೊಡರಾನ್ ಮಾತ್ರೆ ಮಿಡಿತದ ವೇಗವನ್ನು ತಗ್ಗಿಸುತ್ತದೆ. ಹಿಂದೆ 190ರಲ್ಲಿ ಬರುತ್ತಿದ್ದದ್ದು ಈಗ 150ರಲ್ಲಿ ಬರುತ್ತಿದೆ, ಸಾಧನ ಕಾಯುತ್ತಿರುವುದು 180ಕ್ಕೆ. ಅದರ ಕಣ್ಣಿಗೆ ಇದು ರೋಗವೇ ಅಲ್ಲ. ಔಷಧಿ ಬದಲಾದಾಗ ಸೆಟ್ಟಿಂಗನ್ನೂ ನೋಡಬೇಕು ಎಂಬುದು ಬರೆಯುವಷ್ಟು ಸುಲಭವಾಗಿ ನಡೆಯುವುದಿಲ್ಲ, ಏಕೆಂದರೆ ಮಾತ್ರೆ ಬರೆಯುವವರು ಒಬ್ಬರು, ಸಾಧನ ನೋಡುವವರು ಇನ್ನೊಬ್ಬರು. ಸಾಧನ ನೋವಿಲ್ಲದ ವೇಗದ ಪೇಸಿಂಗ್‌ನಿಂದ ಓಟವನ್ನು ಆಗಲೇ ನಿಲ್ಲಿಸಿ, ಮತ್ತೆ ಶುರುವಾಗಿ, ಮತ್ತೆ ನಿಲ್ಲಿಸಿ ಸೆಣಸುತ್ತಿರುವ ಸಾಧ್ಯತೆಯೂ ಇದೆ. ಶಸ್ತ್ರಚಿಕಿತ್ಸೆಯ ಮುಂಚೆ ಚಿಕಿತ್ಸೆ ಆಫ್ ಮಾಡಿ ಹಾಗೇ ಕಳುಹಿಸಿದ್ದಾರೆಯೇ ಎಂಬುದನ್ನೂ ವಿಚಾರಿಸಿ. ಏನೇ ಇರಲಿ, ಚಿಕಿತ್ಸೆ ಐಸಿಡಿ ಇಲ್ಲದವರಿಗೆ ಮಾಡುವಂತೆಯೇ: ಔಷಧಿ, ಬೇಕಿದ್ದರೆ ಹೊರಗಿನಿಂದ ಷಾಕ್.

ಪೇಸ್‌ಮೇಕರ್ ಇದ್ದೂ ನಾಡಿ ನಿಧಾನ

ಕನಿಷ್ಠ 60ಕ್ಕೆ ಸೆಟ್ ಮಾಡಿದ್ದಾರೆ, ಮನೆಯ ಬಿಪಿ ಯಂತ್ರ 38 ತೋರಿಸುತ್ತಿದೆ ಎಂದು ಗಾಬರಿಯಿಂದ ಬರುವವರು ಬಹಳ. ಅವರಲ್ಲಿ ಹೆಚ್ಚಿನವರಿಗೆ ಪೇಸ್‌ಮೇಕರ್ ಸರಿಯಾಗಿಯೇ ಇರುತ್ತದೆ. ನಡುನಡುವೆ ಅವಧಿಗೆ ಮುಂಚೆ ಬೀಳುವ ಮಿಡಿತಗಳು ಹೃದಯದಲ್ಲಿ ಆಗುತ್ತವೆ, ಆದರೆ ರಕ್ತ ತುಂಬುವ ಮುನ್ನವೇ ಆಗುವುದರಿಂದ ಮಣಿಕಟ್ಟಿನವರೆಗೆ ತಲುಪುವುದಿಲ್ಲ. ಬಿಪಿ ಯಂತ್ರವೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರೂ ತಲುಪಿದ್ದನ್ನು ಮಾತ್ರ ಎಣಿಸುತ್ತವೆ. ಸ್ಟೆತಾಸ್ಕೋಪ್ ಎದೆಗಿಟ್ಟು ಒಂದು ನಿಮಿಷ ಎಣಿಸಿ, ಇಲ್ಲವೇ ಇಸಿಜಿ ತೆಗೆಯಿರಿ.

ಇಸಿಜಿಯಲ್ಲಿ ನಿಜಕ್ಕೂ ನಿಧಾನವಿದ್ದರೆ ಪೇಸಿಂಗ್‌ನ ಮೊನಚು ಗೆರೆಯನ್ನು ಹುಡುಕಿ. ಇಂದಿನ ತಂತಿಗಳಲ್ಲಿ ಆ ಗೆರೆ ಬಹಳ ಸಣ್ಣದು, ಕೆಲವು ಇಸಿಜಿ ಯಂತ್ರಗಳ ಫಿಲ್ಟರ್ ಅದನ್ನು ಅಳಿಸಿಯೇಬಿಡುತ್ತದೆ. ಇಸಿಜಿಯ ಒಂದು ಲೀಡ್‌ನಲ್ಲಿ, ಅಂದರೆ ಒಂದು ಕೋನದ ದಾಖಲೆಯಲ್ಲಿ, ಕಾಣದಿದ್ದರೆ ಹನ್ನೆರಡನ್ನೂ ನೋಡಿ.

ಗೆರೆ ಇದೆ, ಅದರ ಹಿಂದೆ ಮಿಡಿತ ಇಲ್ಲ: ಹೃದಯಕ್ಕೆ ಏಟು ತಾಗುತ್ತಿಲ್ಲ. ಹಾಕಿದ ಮೊದಲ ದಿನಗಳಾದರೆ ತುದಿ ಜಾರಿರಬಹುದು. ಕೆಲವು ವಾರಗಳಾಗಿದ್ದರೆ ತುದಿಯ ಸುತ್ತಲಿನ ಉರಿಯೂತದಿಂದ ಹೆಚ್ಚು ವೋಲ್ಟ್ ಬೇಕಾಗಿರಬಹುದು. ತುದಿಯಲ್ಲೇ ಸ್ಟೆರಾಯ್ಡ್ ಇರುವ ತಂತಿಗಳು ಬಂದ ಮೇಲೆ ಇದು ಕಡಿಮೆಯಾಗಿದೆ. ವರ್ಷಗಳಾಗಿದ್ದು ರೋಗಿಗೆ ಮೂತ್ರಪಿಂಡದ ತೊಂದರೆ ಇದ್ದರೆ ತಂತಿಯನ್ನು ದೂರುವ ಮುನ್ನ ಪೊಟ್ಯಾಸಿಯಂ ನೋಡಿ. ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ನುಂಗುತ್ತಾ, ಬಿಸಿಲಿಗೆ ತಂಪೆಂದು ದಿನಕ್ಕೆರಡು ಎಳನೀರು ಕುಡಿಯುವವರಲ್ಲಿ ಅದು ಏರುತ್ತದೆ. ಲೀಟರಿಗೆ 7 ಮಿಲಿಈಕ್ವಿವಲೆಂಟ್ ದಾಟಿದರೆ ಸರಿಯಾದ ಪೇಸ್‌ಮೇಕರ್ ಕೂಡ ಹೃದಯವನ್ನು ಹಿಡಿಯಲಾರದು. ಅವರಿಗೆ ಬೇಕಾದದ್ದು ಕ್ಯಾಲ್ಸಿಯಂ ಗ್ಲುಕೋನೇಟ್ ಮತ್ತು ಡಯಾಲಿಸಿಸ್, ಹೊಸ ತಂತಿಯಲ್ಲ. ಫ್ಲೆಕನೈಡ್ ಔಷಧಿಯೂ ಇದೇ ತೊಂದರೆ ಕೊಡುತ್ತದೆ.

ಗೆರೆಯೇ ಇಲ್ಲ, ಮಿಡಿತವೂ ಇಲ್ಲ: ಬ್ಯಾಟರಿ ಮುಗಿದಿದೆ, ತಂತಿ ತುಂಡಾಗಿದೆ, ಅಥವಾ ಸಾಧನ ಬೇರೆ ಯಾವುದೋ ಸದ್ದನ್ನು ಮಿಡಿತವೆಂದು ನಂಬಿ ಸುಮ್ಮನೆ ಕುಳಿತಿದೆ. ಅಯಸ್ಕಾಂತ ಇಟ್ಟು ನೋಡಿ. ಪೇಸ್‌ಮೇಕರ್ ಮೇಲೆ ಅಯಸ್ಕಾಂತದ ಪರಿಣಾಮ ಐಸಿಡಿಗಿಂತ ಬೇರೆ: ಅದು ಕೇಳಿಸಿಕೊಳ್ಳುವುದನ್ನು ನಿಲ್ಲಿಸಿ ನಿಗದಿತ ವೇಗದಲ್ಲಿ ಏಟು ಕೊಡುತ್ತಾ ಹೋಗುತ್ತದೆ. ಅಯಸ್ಕಾಂತ ಇಟ್ಟೊಡನೆ ಪೇಸಿಂಗ್ ಮರಳಿದರೆ ಬ್ಯಾಟರಿ ಇದೆ, ತಂತಿಯೂ ಏಟನ್ನು ತಲುಪಿಸುತ್ತಿದೆ, ಗ್ರಹಿಕೆ ತಪ್ಪಿದೆ. ಏನೂ ಆಗದಿದ್ದರೆ ಬ್ಯಾಟರಿ ಅಥವಾ ತಂತಿ. ಪೂರ್ತಿ ಪೇಸ್‌ಮೇಕರ್ ಮೇಲೆಯೇ ಬದುಕಿರುವ ರೋಗಿಗೆ ಈ ಹೊತ್ತಿನಲ್ಲಿ ತಾತ್ಕಾಲಿಕ ಪೇಸಿಂಗ್ ವ್ಯವಸ್ಥೆ ಮೊದಲು, ಚರ್ಚೆ ಆಮೇಲೆ.

ಎಕ್ಸ್-ರೇ ಕೇಳುವಾಗ ಡಬ್ಬಿ ಪೂರ್ತಿ ಕಾಣುವಂತೆ ತೆಗೆಸಿ. ತಂತಿ ಡಬ್ಬಿಯ ಸುತ್ತ ಹಗ್ಗದಂತೆ ಹೊಸೆದುಕೊಂಡಿದ್ದರೆ ಅದು ಟ್ವಿಡ್ಲರ್ ಸಿಂಡ್ರೋಮ್. ರೋಗಿ ತಿಳಿದೋ ತಿಳಿಯದೆಯೋ ಚರ್ಮದಡಿಯ ಡಬ್ಬಿಯನ್ನು ತಿರುಗಿಸುತ್ತಾ, ತುದಿಯನ್ನು ಹೃದಯದಿಂದ ಎಳೆದುಕೊಂಡಿರುತ್ತಾರೆ. 1968ರಲ್ಲೇ ವೈದ್ಯರು ಇದನ್ನು ದಾಖಲಿಸಿದ್ದಾರೆ. ಎಳೆದ ತುದಿ ವಪೆಯ ನರದ ಹತ್ತಿರ ನಿಂತರೆ ಏಟಿಗೊಂದು ಬಿಕ್ಕಳಿಕೆ ಬರುತ್ತದೆ. ನಿಲ್ಲದ ಬಿಕ್ಕಳಿಕೆಗೆ ಜೀರಿಗೆ ಕಷಾಯ ಕುಡಿಸುತ್ತಾ ಕೂರಬೇಡಿ.

ಸುಮ್ಮನಿದ್ದಾಗಲೂ ಎದೆ ಓಡುತ್ತಿದೆ

ಓಡಾಡಿದಾಗ ಮಿಡಿತ ಏರಿಸಲು ಅನೇಕ ಪೇಸ್‌ಮೇಕರ್‌ಗಳಲ್ಲಿ ಚಲನೆ ಗುರುತಿಸುವ ಸಂವೇದಕ ಇದೆ. ಗುಂಡಿಬಿದ್ದ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತವರನ್ನೂ ಟ್ರ್ಯಾಕ್ಟರ್ ಓಡಿಸುವವರನ್ನೂ ಅದು ‘ನಡೆಯುತ್ತಿದ್ದಾರೆ’ ಎಂದುಕೊಂಡು ವೇಗ ಹೆಚ್ಚಿಸುತ್ತದೆ. ಇದು ದೋಷ ಅಲ್ಲ, ಸೂಕ್ಷ್ಮತೆ ತಗ್ಗಿಸಿದರೆ ಸಾಕು.

ಎರಡು ತಂತಿಯ ಪೇಸ್‌ಮೇಕರ್ ಇರುವವರಲ್ಲಿ ಒಂದೇ ಸಮನೆ 120 ಅಥವಾ 130ಕ್ಕೆ ಓಡುತ್ತಾ ನಿಂತರೆ ಬೇರೆಯ ಕಥೆ. ಹೃತ್ಕುಕ್ಷಿಯ ಮಿಡಿತ ಹಿಮ್ಮುಖವಾಗಿ ಹೃತ್ಕರ್ಣಕ್ಕೆ ಹರಿದು, ಪೇಸ್‌ಮೇಕರ್ ಅದನ್ನು ಹೊಸ ಮಿಡಿತವೆಂದುಕೊಂಡು ಮತ್ತೆ ಹೃತ್ಕುಕ್ಷಿಗೆ ಏಟು ಕೊಟ್ಟು, ಅದು ಮತ್ತೆ ಹಿಂದಕ್ಕೆ ಹರಿದು, ಹೀಗೆ ಸುತ್ತು ಮುಗಿಯದು. ಅಯಸ್ಕಾಂತ ಇಟ್ಟರೆ ಸುತ್ತು ತಟ್ಟನೆ ಕಡಿಯುತ್ತದೆ. ಅದೇ ಚಿಕಿತ್ಸೆ, ಅದೇ ಪತ್ತೆ. ಮರುಕಳಿಸದಂತೆ ಸೆಟ್ಟಿಂಗ್ ತಿದ್ದಿಸಬೇಕು. ಓಟ ಅಂಕುಡೊಂಕಾಗಿದ್ದರೆ ಹೃತ್ಕರ್ಣದ ಕಂಪನ ಇದೆಯೇ ನೋಡಿ.

ಎದೆಯೊಳಗಿಂದ ಬೀಪ್

ಪ್ರತಿದಿನ ಒಂದೇ ಹೊತ್ತಿಗೆ ಎಲ್ಲಿಂದಲೋ ಸಣ್ಣ ಸದ್ದು. ಮನೆಯವರು ಗಡಿಯಾರ, ಮೊಬೈಲ್, ಇನ್ವರ್ಟರ್ ಎಲ್ಲ ತಡಕಾಡುತ್ತಾರೆ. ಕೆಲವು ಐಸಿಡಿಗಳು ಎಚ್ಚರಿಕೆಗೆ ಹೀಗೆ ಸದ್ದು ಮಾಡುತ್ತವೆ, ಕೆಲವು ಕಂಪಿಸುತ್ತವೆ. ಬ್ಯಾಟರಿ ಬದಲಿಸುವ ಕಾಲ ಬಂದಿರಬಹುದು, ತಂತಿಯ ರೋಧ ಏರುಪೇರಾಗಿರಬಹುದು. ಷಾಕ್ ಬೀಳುವ ಮುನ್ನ ಸಿಕ್ಕ ಸುಳಿವು ಇದು. ಅಂದೇ ಫೋನ್ ಮಾಡಿ. ಉಬ್ಬಿನ ಹತ್ತಿರ ಅಯಸ್ಕಾಂತ ಬಂದಾಗಲೂ ಕೆಲವು ಸದ್ದು ಮಾಡುತ್ತವೆ. 10 ಗಾಸ್‌ನಷ್ಟು ಸಣ್ಣ ಕಾಂತಕ್ಷೇತ್ರವೂ ಸಾಧನದ ಅಯಸ್ಕಾಂತ ಸ್ವಿಚ್ಚನ್ನು ಎಬ್ಬಿಸಬಲ್ಲುದು. ಐಫೋನ್ 12ರ ಹಿಂಬದಿಯ ಅಯಸ್ಕಾಂತ ಐಸಿಡಿಯ ಚಿಕಿತ್ಸೆಯನ್ನು ತಡೆಹಿಡಿದದ್ದು 2021ರಲ್ಲಿ ವರದಿಯಾಯಿತು. ಅಂಗಿಯ ಜೇಬಿನಲ್ಲಿ ಮೊಬೈಲ್ ಬೇಡ, 15 ಸೆಂಟಿಮೀಟರ್ ದೂರವಿರಲಿ. ಇಂಡಕ್ಷನ್ ಒಲೆಯಿಂದ 60 ಸೆಂಟಿಮೀಟರ್. ಅಯಸ್ಕಾಂತದ ಹೆಸರುಪಟ್ಟಿ, ಊರೂರು ತಿರುಗಿ ಮಾರುವ ‘ಮ್ಯಾಗ್ನೆಟಿಕ್’ ಹಾಸಿಗೆ ಬೇಡವೇ ಬೇಡ.

ಬ್ಯಾಟರಿ ಒಂದೇ ದಿನದಲ್ಲಿ ಸಾಯುವುದಿಲ್ಲ. ಬದಲಿಸಿ ಎಂಬ ಸೂಚನೆ ಬಂದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳ ಅವಕಾಶ ಇರುತ್ತದೆ. ಪೇಸ್‌ಮೇಕರ್ ಆದರೆ ಅಯಸ್ಕಾಂತ ಇಟ್ಟಾಗಿನ ವೇಗದಿಂದಲೇ ತಿಳಿಯಬಹುದು: ಮೆಡ್‌ಟ್ರಾನಿಕ್‌ನಲ್ಲಿ 85 ಇದ್ದದ್ದು 65ಕ್ಕೆ, ಬಾಸ್ಟನ್ ಸೈಂಟಿಫಿಕ್‌ನಲ್ಲಿ 100 ಇದ್ದದ್ದು 85ಕ್ಕೆ ಇಳಿದಿದ್ದರೆ ಬದಲಿಸುವ ಹೊತ್ತು. ಶಸ್ತ್ರಚಿಕಿತ್ಸೆಯಲ್ಲಿ ವಿದ್ಯುತ್ತಿನಿಂದ ಕತ್ತರಿಸಿ ಸುಡುವ ಕಾಟರಿ ಬಳಸಿದ ಮೇಲೂ ಸಾಧನ ತನ್ನ ಸೆಟ್ಟಿಂಗ್ ಕಳೆದುಕೊಂಡು ಕಾರ್ಖಾನೆಯ ಮೂಲ ಸೆಟ್ಟಿಂಗ್‌ಗೆ ಮರಳುವುದುಂಟು. ಪ್ರೋಗ್ರಾಮರ್ ಹಚ್ಚದೆ ಅದನ್ನು ಬ್ಯಾಟರಿ ಮುಗಿದಿದೆ ಎಂದು ತೀರ್ಮಾನಿಸಬೇಡಿ.

ಉಬ್ಬಿನ ಚರ್ಮ

ಕೆಂಪು, ಬಿಸಿ, ಕೀವು, ಚರ್ಮ ತೆಳ್ಳಗಾಗಿ ಒಳಗಿನ ಲೋಹ ನೀಲಿಯಾಗಿ ಇಣುಕುವುದು: ಇದಕ್ಕೆ ಪ್ರೋಗ್ರಾಮರ್ ಬೇಕಿಲ್ಲ, ಕಣ್ಣು ಸಾಕು. ಸೂಜಿ ಚುಚ್ಚಿ ಕೀವು ತೆಗೆಯಲು ಹೋಗಬೇಡಿ. ಇಲ್ಲದ ಸೋಂಕನ್ನೂ ಸೂಜಿ ಒಳಗೆ ಒಯ್ಯುತ್ತದೆ. ಹತ್ತು ದಿನದ ಆಂಟಿಬಯಾಟಿಕ್ ಬರೆದು ಮನೆಗೆ ಕಳುಹಿಸಿದರೆ ಮೇಲೆ ಮಾಯ್ದಂತೆ ಕಂಡು ಒಳಗೆ ತಂತಿಗುಂಟ ಹೃದಯದವರೆಗೆ ಹರಡುತ್ತದೆ. ಜ್ವರವಿದ್ದರೆ ಆಂಟಿಬಯಾಟಿಕ್ ಶುರುಮಾಡುವ ಮುನ್ನ ರಕ್ತದ ಕಲ್ಚರ್ ತೆಗೆಯಿರಿ. ಸೋಂಕು ಖಚಿತವಾದರೆ ಡಬ್ಬಿ, ತಂತಿ ಎರಡನ್ನೂ ಪೂರ್ತಿ ತೆಗೆಯಬೇಕು. ವರ್ಷಗಳಿಂದ ಬೇರೂರಿದ ತಂತಿಯನ್ನು ತೆಗೆಯುವ ಅನುಭವ, ಜೊತೆಗೆ ತುರ್ತಿಗೆ ಎದೆ ತೆರೆಯುವ ಶಸ್ತ್ರಚಿಕಿತ್ಸಕರು, ಎರಡೂ ಇರುವ ಕೇಂದ್ರಕ್ಕೆ ನೇರವಾಗಿ ಕಳುಹಿಸಿ.